ಗಿಣ್ಣ ತುರಿದ ಮಾಸ್ತರು

ಕಾಂಬಳೆ ಮಾಸ್ತರರ ಬಲಗೈಯ ತೋರುಬೆರಳಿಗೆ ಅದರದೇ ಒಂದು ಜೀವ ಇತ್ತು. ಅವರು ಪೇಪರ್ ಓದುತ್ತಿರಲಿ, ಹಲ್ಲುಜ್ಜುತ್ತಿರಲಿ, ಯಾರಾದರೂ ಹತ್ತು ಮಾರು ದೂರದಲ್ಲಿ ಒಂದು ತಪ್ಪು ಶಬ್ದ ಆಡಿದರೆ ಸಾಕು, ಆ ಬೆರಳು ತಾನಾಗಿಯೇ ಎದ್ದು ನಿಲ್ಲುತ್ತಿತ್ತು. ಉಗುರಿನ ಸಂದಿಯಲ್ಲಿ ಸದಾ ಸೀಮೆಸುಣ್ಣ. ಮೊದಲು ಬೆರಳು, ಆಮೇಲೆ ಕನ್ನಡಕದ ಮೇಲಿಂದ ಇಣುಕುವ ಎರಡು ಕಣ್ಣು, ಕೊನೆಗೆ ಮಾತು. ನಾನು ಮದುವೆಯಾಗಿ ಚಿಕ್ಕೋಡಿಗೆ ಬಂದ ಮೂರನೇ ದಿನಕ್ಕೇ ಅದರ ಕೈಗೆ ಸಿಕ್ಕಿಬಿದ್ದೆ. ಬಾಗಿಲಲ್ಲಿ ನಿಂತು ಗಂಡನಿಗೆ, "ಮಿಕ್ಸರ್ ಕೆಟ್ಟೈತಿ, ರಿಪೇರಿಗೆ ಕೊಟ್ಟ ಬರ್ರಿ" ಅಂದೆ. ಎದುರು ಮನೆಯ ಕಟ್ಟೆಯ ಮೇಲೆ ಬೆರಳು ಎದ್ದಿತು.

"ತಂಗೀ, ರಿಪೇರಿ ಅಲ್ಲ. ದುರಸ್ತಿ."

"ದುರಸ್ತಿನೂ ಕನ್ನಡ ಅಲ್ಲಲ್ರಿ ಸರ್. ಫಾರ್ಸಿ ಅಲ್ಲೇನ್ರಿ ಅದು?" ಅಂದುಬಿಟ್ಟೆ.

ನನ್ನ ಅತ್ತೆ ಚೆನ್ನವ್ವ ಕೈಯಲ್ಲಿದ್ದ ಮೊರವನ್ನು ಹಾಗೇ ಹಿಡಿದು ನಿಂತರು. ಮೂರು ದಿನದ ಸೊಸೆ, ಅರಿಯದ ಗಂಡಸಿಗೆ, ಅದೂ ಮಾಸ್ತರರಿಗೆ, ಓಣಿಯಲ್ಲಿ ಎದುರುತ್ತರ ಕೊಟ್ಟಿದ್ದಾಳೆ! ಪಕ್ಕದ ಮನೆಯ ಗೌರಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಮಾಸ್ತರರು ಮಾತ್ರ ಬೆರಳು ಮಡಚಿ, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಸಿಕ್ಕಳು! ಓಣ್ಯಾಗ ಒಬ್ಬಾಕಿ ಸಿಕ್ಕಳು!" ಎಂದು ತೊಡೆ ತಟ್ಟಿಕೊಂಡರು. ಅವತ್ತಿನಿಂದ ನಾನು ಅವರ ಶಿಷ್ಯೆ. ಅವರ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಐಗಳಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಪದವಿ ಮುಗಿಸಿ ಬಂದವಳು, ಆದರೂ ಶಿಷ್ಯೆ.

ಎರಡು ಸಾವಿರದ ಆರೋ ಏಳೋ ಇರಬೇಕು. ಅವರು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ನಮ್ಮ ಊರಿನ ಕನ್ನಡ ಅರ್ಧ ಮರಾಠಿ, ಕಾಲು ಉರ್ದು, ಉಳಿದದ್ದರಲ್ಲಿ ಇಂಗ್ಲಿಷು ಬೇರೆ. ಅಲ್ಲಿ ಕನ್ನಡ ಮಾಸ್ತರ ಆಗಿರುವುದು ಸಣ್ಣ ಕೆಲಸವಲ್ಲ. ಬೆಳ್ಳುಳ್ಳಿ ಮಾರುವ ಕೈಗಾಡಿಯವನು "ಲಸೂಣ, ಲಸೂಣ" ಎಂದು ಕೂಗುತ್ತ ಬಂದರೆ ಇವರು ಕಟ್ಟೆಯಿಂದಲೇ "ಬಳ್ಳೊಳ್ಳಿ ಅನ್ನೋ" ಅನ್ನುತ್ತಿದ್ದರು. ಅವನು ಗಾಡಿ ನಿಲ್ಲಿಸಿ, "ಸರ, ನೀವ ಏನರೆ ಅನ್ರಿ, ನಾಳೆ ಮುಂಜಾನಿ ಬಾಯಿ ವಾಸನಿ ಒಂದ ಬರತೈತಿ" ಅಂತಿದ್ದ. ಮಾಸ್ತರರದು ಒಂದೇ ಮಾತು: "ಮನ್ಯಾಗಿರೂ ಶಬ್ದಾ ಬಿಟ್ಟು ಮಂದಿ ಮನಿಗೆ ಕಡಾ ಕೇಳಾಕ ಯಾಕ ಹೋಗ್ತೀರಿ?" ಈ ಮಾತನ್ನು ನಾನು ದಿನಕ್ಕೆ ಎರಡು ಸಲವಾದರೂ ಕೇಳುತ್ತಿದ್ದೆ. ಒಂದು ಅಂಗೈ ದಪ್ಪದ ನಿಘಂಟು ಅವರ ಕಟ್ಟೆಯ ಮೇಲೆ, ಊಟದ ತಾಟಿನ ಪಕ್ಕ, ಒಮ್ಮೊಮ್ಮೆ ಒಲೆಯ ಪಕ್ಕವೂ ಇರುತ್ತಿತ್ತು.

ಒಲೆಯ ಪಕ್ಕ ಯಾಕೆಂದರೆ, ಅವರ ಮನೆಯಲ್ಲಿ ಅಡುಗೆ ಅವರದೇ. ಹೆಂಡತಿ ಮಾಲಾಕಾಕು ಹಳ್ಳಿಯೊಂದರ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್. ಮೊದಲ ಬಸ್ಸಿಗೆ ಹೊರಟುಬಿಡುತ್ತಿದ್ದರು. ಆಮೇಲೆ ಎದುರು ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಗಂಡಸು ರೊಟ್ಟಿ ಬಡಿಯುತ್ತಾನೆಂಬ ಆಘಾತದಿಂದ ನಮ್ಮ ಓಣಿ ಎಷ್ಟು ವರ್ಷವಾದರೂ ಚೇತರಿಸಿಕೊಳ್ಳಲಿಲ್ಲ. "ಎಂಥಾ ತೆಳ್ಳಗ ಬಡಿತಾನಬೇ ಆ ಮನಷ್ಯಾ" ಎಂದು ಗೌರಕ್ಕ ಹೊಟ್ಟೆಕಿಚ್ಚು ಪಡುತ್ತಿದ್ದಳು. ತೆಳ್ಳಗಿದೆಯೆಂದು ಕಣ್ಣಿಂದ ನೋಡಿ ಹೇಳುತ್ತಿದ್ದಳೇ ಹೊರತು ತಿಂದು ಹೇಳುತ್ತಿರಲಿಲ್ಲ.

ಅದನ್ನೂ ಹೇಳಿಬಿಡಬೇಕು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇತ್ತು. ಅವರು ಕರೋಶಿಯ ಕಡೆಯವರು. ಆ ಮನೆಯ ಮಾಲೀಕರು ಪುಣೆಯಲ್ಲಿದ್ದರು, ಓಣಿಯವರನ್ನು ಕೇಳದೆ ಬಾಡಿಗೆಗೆ ಕೊಟ್ಟಿದ್ದರು. ಓಣಿ ಜಗಳ ಮಾಡಲಿಲ್ಲ. ಅರ್ಜಿ ಬರೆಸಲು ಅವರ ಹತ್ತಿರ ಹೋಗುತ್ತಿತ್ತು, ಮಕ್ಕಳ ನಿಬಂಧ ತಿದ್ದಿಸುತ್ತಿತ್ತು, ಮಾಲಾಕಾಕುವಿನಿಂದ ಕಟ್ಟೆಯ ಮೇಲೆಯೇ ಇಂಜೆಕ್ಷನ್ ಮಾಡಿಸಿಕೊಳ್ಳುತ್ತಿತ್ತು. "ಮಾಸ್ತರ ಭಾಳ ಚಲೋ ಮನಷ್ಯಾ, ಆದ್ರ..." ಅನ್ನುತ್ತಿತ್ತು. ಆ 'ಆದ್ರ'ದ ಮುಂದೆ ಏನಿದೆಯೆಂದು ಯಾರೂ ಹೇಳುತ್ತಿರಲಿಲ್ಲ. ಆದರೆ ಅವರ ಮನೆಯ ಒಂದು ಲೋಟ ನೀರೂ ಯಾರ ಗಂಟಲಿಗೂ ಇಳಿಯುತ್ತಿರಲಿಲ್ಲ.

ಆ ವರ್ಷ ನಾನು ಬಸುರಿಯಾದೆ. ನಾಲ್ಕು ತಿಂಗಳು ತುಂಬಿದರೂ ವಾಂತಿ ನಿಲ್ಲಲಿಲ್ಲ. ರೊಟ್ಟಿಯ ವಾಸನೆ ಆಗದು, ಬೇಳೆ ಆಗದು, ನೀರು ಕುಡಿದರೂ ಆಗದು. ಅತ್ತೆ ಹೌಹಾರಿ ದಿನಕ್ಕೊಂದು ಮಾಡಿ ತಂದಿಡುತ್ತಿದ್ದರು. ಪುಂಡಿಪಲ್ಯೆ ಮಾಡಿದರು, ಹುಣಸೆ ಚಿಗಳಿ ಕುಟ್ಟಿದರು. ನಾನು ಮುಖ ತಿರುಗಿಸಿದೆ. ಒಂದು ಮಧ್ಯಾಹ್ನ ನನ್ನ ತಲೆ ನೇವರಿಸುತ್ತ, "ಯವ್ವಾ, ಬಸುರಿ ಬಾಯಿ ಕಟ್ಟಬಾರದು. ಏನ್ ಬಯಕಿ ಐತಿ ಬಾಯಿಬಿಟ್ಟ ಹೇಳ. ನಿನ್ನ ಗಂಡ ಪಾತಾಳದಾಗಿದ್ರೂ ತರತಾನ" ಅಂದರು. ನನಗೆ ನಿಜವಾಗಿಯೂ ಒಂದೇ ಒಂದು ಬಯಕೆ ಇತ್ತು. ಬೆಳಗಾವಿಯ ಹಾಸ್ಟೆಲಿನಲ್ಲಿದ್ದಾಗ ಗೆಳತಿಯ ಹುಟ್ಟುಹಬ್ಬಕ್ಕೆಂದು ಹೊಸ ಹೋಟೆಲೊಂದಕ್ಕೆ ಹೋಗಿದ್ದೆವು. ಅಲ್ಲಿ ತಿಂದದ್ದು ನಾಲಿಗೆಗೆ ಅಂಟಿಕೊಂಡು ಕುಳಿತಿತ್ತು.

"ಚೀಸ್ ಗಾರ್ಲಿಕ್ ಬ್ರೆಡ್ ರಿ ಅತ್ತಿ" ಅಂದೆ.

"ಅದೇನಬೇ?"

"ಬ್ರೆಡ್ಡಿಗೆ ಬೆಣ್ಣಿ, ಬಳ್ಳೊಳ್ಳಿ ಹಚ್ಚಿ, ಮ್ಯಾಲ ಚೀಸ್ ಹಾಕಿ ಸುಡತಾರಿ."

ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು. "ಅಯ್ಯ ಶಿವನ! ಬ್ರೆಡ್ಡ ಅಂದ್ರ ಜ್ವರಾ ಬಂದಾವ್ರ ತಿನ್ನೂದು. ಅದಕ ಬಳ್ಳೊಳ್ಳಿ ಬ್ಯಾರೆ ಹಚ್ಚತಾರ? ಮಂದಿ ಬಸುರಿ ಮಾವಿನಕಾಯಿ ಬೇಡತಾರ, ನನ್ನ ಸೊಸಿ ದವಾಖಾನಿ ಊಟಾ ಬೇಡತಾಳ!" ಅವರಿಗಾದ ಗಾಬರಿ ನಾಟಕವಲ್ಲ. ಸಂಜೆಗೆ ನನ್ನ ಗಂಡ ನಿಪ್ಪಾಣಿಯಿಂದ ಒಂದು ಬ್ರೆಡ್ಡಿನ ಪಾಕೀಟು, ಜೊತೆಗೆ ಕಾಲು ಕಿಲೋ ಬಳ್ಳೊಳ್ಳಿ ಶೇವು ತಂದ. "ಗಾರ್ಲಿಕ್ಕೂ ಬಂತು, ಬ್ರೆಡ್ಡೂ ಬಂತು" ಎಂದು ಹೆಮ್ಮೆಯಿಂದ ಮುಂದಿಟ್ಟ. ನಾನು ಅಳಲು ಶುರುಮಾಡಿದೆ. ಬಸುರಿಯ ಅಳು ಓಣಿಯ ತುದಿಗೂ ಕೇಳಿಸಿತು.

ಮರುದಿನ ಕಟ್ಟೆಯ ಮೇಲಿಂದ ವಿಚಾರಣೆ ಬಂತು. ನಾನು ವಿವರಿಸಿದೆ. ಗಾರ್ಲಿಕ್ ಅಂದಾಗ ಬೆರಳು ಎದ್ದಿತು, ಚೀಸ್ ಅಂದಾಗ ಇನ್ನೊಂದು ಗೇಣು ಎದ್ದಿತು.

"ಚೀಸಿಗೆ ಕನ್ನಡ ಏನು, ತಂಗಿ?"

"ಇಲ್ರೀ ಸರ್."

"ಇರತೈತಿ. ಹುಡುಕ್ತೀನಿ. ಮತ್ತ, ಅದನ್ನ ನಾನ ಮಾಡ್ತೀನಿ. ಮನ್ಯಾಗ ಮಾಡ್ತೀನಿ. ಖಾನಾವಳಿಯಾವರಿಗೆ ಬರೂದು ನನಗ ಬರಂಗಿಲ್ಲೇನು?"

ಅವರು ತಮಾಷೆಗೆ ಅನ್ನಲಿಲ್ಲ. ಮುಂದಿನ ಹದಿನೈದು ದಿನ ಶಾಲೆಯ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಪುರವಣಿ ತಿರುವಿಹಾಕಿದರಂತೆ. ನನಗೋ ಸಂತೋಷಕ್ಕಿಂತ ಭಯ ಹೆಚ್ಚಾಯಿತು. ಅವರು ಮಾಡಿದರೆ ನಾನು ತಿನ್ನುತ್ತೇನೆ, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಅತ್ತೆ? ಮಾಸ್ತರರ ಮನೆಯ ಒಲೆಯ ಮೇಲೆ ಬೆಂದದ್ದನ್ನು ಸೊಸೆ ತಿನ್ನುವುದನ್ನು ಅತ್ತೆ ನೋಡುತ್ತಾರೆಯೇ? ನೋಡಿಯೂ ನನ್ನನ್ನು ಮೊದಲಿನ ಹಾಗೆ ಅಡುಗೆಮನೆಗೆ ಬಿಡುತ್ತಾರೆಯೇ? ಕೇಳುವ ಧೈರ್ಯ ನನಗಿರಲಿಲ್ಲ.

ಅಷ್ಟರಲ್ಲಿ ನಮ್ಮ ಎಮ್ಮೆ ಕರು ಹಾಕಿತು. ಮೊದಲ ದಿನಗಳ ದಪ್ಪ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಅತ್ತೆ ಉಗಿಯಲ್ಲಿ ಗಿಣ್ಣ ಮಾಡಿದರು. ನಮ್ಮ ಕಡೆ ಗಿಣ್ಣದ ಹಾಲನ್ನು ಮಾರುವುದಿಲ್ಲ. ದೇವರಿಗೆ ಇಟ್ಟು, ಓಣಿಯ ಮನೆಮನೆಗೂ ಹಂಚುತ್ತಾರೆ. ಇನ್ನೊಂದು ಕಟ್ಟಳೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ: ಗಿಣ್ಣವನ್ನು ಯಾರೂ ಕೇಳುವುದಿಲ್ಲ. ಬಂದರೆ ತಿನ್ನಬೇಕು, ಬರದಿದ್ದರೆ ಸುಮ್ಮನಿರಬೇಕು.

ಹಂಚುವ ಕೆಲಸ ನನಗೆ ಬಿತ್ತು. ಮೇಲೆ ಕರವಸ್ತ್ರ ಮುಚ್ಚಿದ ತಾಟು ಹಿಡಿದು ಹೊರಟಾಗ ಅತ್ತೆ, "ಎದುರು ಮನಿಗೆ ಬ್ಯಾಡ" ಎಂದರು, ಅಷ್ಟೇ. ನಾನು ಹೂಂ ಅಂದೆ. ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟು ಬರುವುದು ಆ ಹೂಂ ಎಂಬ ಶಬ್ದಕ್ಕೆ. ಓಣಿಯ ಈ ಸಾಲು ಮುಗಿಸಿ ಆ ಸಾಲಿಗೆ ಹೋದೆ, ಅವರ ಮನೆಯನ್ನು ಬಿಟ್ಟು ಮುಂದಿನ ಮನೆಗೆ ನಡೆದೆ. ಮಾಸ್ತರರು ಕಟ್ಟೆಯ ಮೇಲೆಯೇ ಇದ್ದರು. ಏಲಕ್ಕಿ ಹಾಕಿದ ಗಿಣ್ಣದ ವಾಸನೆಯನ್ನು ಕರವಸ್ತ್ರ ಮುಚ್ಚಿಡುವುದಿಲ್ಲ. ಅವರು ಪೇಪರಿನಿಂದ ತಲೆ ಎತ್ತಿ, "ತಂಗೀ, ಮೆಲ್ಲಕ ನಡಿ. ಕಲ್ಲ ಎದ್ದಾವ ಅಲ್ಲಿ" ಅಂದರು. ನಾನು ತಾಟಿನ ಕರವಸ್ತ್ರವನ್ನು ಇನ್ನಷ್ಟು ಎಳೆದುಕೊಂಡು ನಡೆದೆ.

ಮೂರನೇ ದಿನ, ಭಾನುವಾರ ಮಧ್ಯಾಹ್ನ. ಅತ್ತೆ ಮತ್ತು ಗೌರಕ್ಕ ನಮ್ಮ ಅಂಗಳದಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಮಾಸ್ತರರು ತಮ್ಮ ಕಟ್ಟೆ ಇಳಿದರು, ರಸ್ತೆ ದಾಟಿದರು, ನಮ್ಮ ಅಂಗಳದ ಅಂಚಿಗೆ ಬಂದು ನಿಂತರು. ಬಗಲಲ್ಲಿ ಪತ್ರಿಕೆಯ ತುಂಡು. ಎರಡೂ ಕೈಯಲ್ಲಿ ಒಂದು ಖಾಲಿ ಬಟ್ಟಲು.

"ಅಕ್ಕಾರ," ಅಂದರು, "ಮನ್ಯಾಗ ಗಿಣ್ಣ ಐತೇನ್ರಿ? ಒಂದು ಬಟ್ಟಲ ಬೇಕಾಗಿತ್ತು."

ಗೌರಕ್ಕನ ಕೈಯಿಂದ ಶೇಂಗಾ ಜಾರಿ ನೆಲಕ್ಕೆ ಬಿದ್ದವು. ಅತ್ತೆಯ ಮುಖ ಬಿಳಿಚಿತು. ಗಿಣ್ಣ ಕೇಳಿದರು! ಕೊಡದೆ ಬಿಟ್ಟ ಮನೆಯವರು, ಹಾಡುಹಗಲು, ಇನ್ನೊಬ್ಬರ ಎದುರಿಗೆ, ಬಟ್ಟಲು ಹಿಡಿದು ಕೇಳಿದರು! ಮಂದಿಯ ಮನೆಗೆ ಕಡ ಕೇಳಲು ಹೋಗಬೇಡಿ ಎಂದು ದಿನಾ ಹೇಳುವ ಮನುಷ್ಯ ಕೇಳಿದರು! ನನಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು.

"ಮುಗೀತ್ರಿ ಮಾಸ್ತರ," ಅಂದರು ಅತ್ತೆ. "ನಿನ್ನೇನ ಮುಗದೈತಿ."

ಒಳಗೆ ಅರ್ಧ ಬೋಗುಣಿ ಗಿಣ್ಣ ಇತ್ತು. ನಾನೇ ಬೆಳಿಗ್ಗೆ ಮುಚ್ಚಿಟ್ಟಿದ್ದೆ. ನನ್ನ ಅತ್ತೆ ಸುಳ್ಳು ಹೇಳುವವರಲ್ಲ. ಆ ಮನೆಯಲ್ಲಿ ಕಾಲಿಟ್ಟಾಗಿನಿಂದ ಅವರ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು. ಮಾಸ್ತರರ ಎರಡೂ ಕೈಯಲ್ಲಿ ಬಟ್ಟಲಿದ್ದುದರಿಂದ ಬೆರಳು ಏಳಲಿಲ್ಲ. "ಇರಲಿ ಬಿಡ್ರಿ ಅಕ್ಕಾರ" ಎಂದು ತಿರುಗಿ ನಡೆದರು. ಪತ್ರಿಕೆಯ ತುಂಡು ಅಂಗಳದಲ್ಲಿ ಬಿತ್ತು. ನಾನು ಎತ್ತಿಕೊಂಡು ಓದಿದೆ. 'ಬೆಳ್ಳುಳ್ಳಿ ಗಿಣ್ಣು ಬ್ರೆಡ್. ಬೇಕಾಗುವ ಸಾಮಾನು: ಬ್ರೆಡ್ ಆರು ಹೋಳು, ಬೆಣ್ಣೆ, ಬೆಳ್ಳುಳ್ಳಿ, ಕೊತ್ತಂಬರಿ, ತುರಿದ ಗಿಣ್ಣು ಒಂದು ಬಟ್ಟಲು.' ಬರೆದವರು ಯಾರೋ ಪುಣ್ಯಾತ್ಮರು ಇಂಗ್ಲಿಷ್ ಪಾಕವನ್ನು ನಿಘಂಟು ನೋಡಿ ಕನ್ನಡಕ್ಕೆ ಇಳಿಸಿದ್ದರು. ಚೀಸ್ ಅಂದರೆ ಗಿಣ್ಣು ಎಂದು ನಿಘಂಟಿನಲ್ಲಿ ಇದೆ, ಖರೆ.

ಗೌರಕ್ಕ ಎದ್ದು ಹೋದ ಮೇಲೆ ಅತ್ತೆಗೆ ಆ ತುಂಡು ತೋರಿಸಿ ಓದಿ ಹೇಳಿದೆ. "ಅವರು ತಮಗಂತ ಕೇಳಲಿಲ್ರಿ ಅತ್ತಿ. ನನ್ನ ಬಯಕಿಗೆ ಕೇಳಾಕ ಬಂದಿದ್ರು. ಚೀಸಿಗೆ ಗಿಣ್ಣ ಅಂತಾರಂತ ತಿಳಕೊಂಡಾರ."

ಅತ್ತೆ ನನ್ನನ್ನೇ ನೋಡಿದರು. "ನಿನ್ನ ಬಯಕಿಗೆ?" ಅಂದರು. "ನನ್ನ ಮಮ್ಮಗನ ಬಾಯಿಗೆ ನಾನ ಇಲ್ಲ ಅಂದ್ನೇನು?" ಒಂದು ಗಳಿಗೆ ಹಣೆ ಹಿಡಿದು ಕುಳಿತರು. ಆಮೇಲೆ ಎದ್ದು, ಒಳಗಿನ ಬೋಗುಣಿಯನ್ನೇ ಎತ್ತಿಕೊಂಡು ಹೊರಟರು. ನಾನು ಹಿಂದೆ ಓಡಿದೆ. ಎದುರು ಮನೆಯ ಹೊಸ್ತಿಲ ಮುಂದೆ ಅರೆಗಳಿಗೆ ನಿಂತರು. ಬಲಗಾಲೋ ಎಡಗಾಲೋ, ನಾನು ನೋಡಲಿಲ್ಲ, ಒಳಗಿಟ್ಟರು. ಅವರು ಬಾಡಿಗೆಗೆ ಬಂದ ಐದು ವರ್ಷದಲ್ಲಿ ನಮ್ಮ ಸಾಲಿನ ಹೆಣ್ಣುಮಗಳೊಬ್ಬಳು ಆ ಮನೆಯೊಳಗೆ ಹೋದದ್ದು ಅದೇ ಮೊದಲು. ಮಾಲಾಕಾಕು ಗಾಬರಿಯಿಂದ ಎದ್ದು ನಿಂತವರು ಬರ್ರಿ ಅನ್ನುವುದನ್ನೂ ಮರೆತರು.

ಅಡುಗೆಮನೆಯಲ್ಲಿ ಎಲ್ಲ ಸಜ್ಜಾಗಿತ್ತು. ಕಲ್ಲಿನಲ್ಲಿ ಜಜ್ಜಿದ ಬಳ್ಳೊಳ್ಳಿ, ಅದಕ್ಕೆ ಕಲಸಿದ ಬೆಣ್ಣೆ, ಸಣ್ಣಗೆ ಹೆಚ್ಚಿದ ಕೊತ್ತಂಬರಿ, ಸಾಲಾಗಿ ಇಟ್ಟ ಬ್ರೆಡ್ಡಿನ ಹೋಳು. ಒಲೆಯ ಮೇಲೆ ಹಂಚು, ಪಕ್ಕದಲ್ಲಿ ಮುಚ್ಚಳದ ಮೇಲೆ ಹಾಕಲು ಇದ್ದಲಿನ ಕೆಂಡ. ನಿಘಂಟು ಉಪ್ಪಿನ ಡಬ್ಬಿಗೆ ಒರಗಿ ನಿಂತಿತ್ತು. "ಒಂದೀಟ ಉಳದಿತ್ತು ಮಾಸ್ತರ, ನನಗ ನೆನಪಿರಲಿಲ್ಲ" ಎಂದು ಅತ್ತೆ ಬೋಗುಣಿ ಇಟ್ಟರು. ಒಂದೀಟು ಅನ್ನುವುದಕ್ಕೆ ಅದು ಎರಡು ಸೇರು ಇತ್ತು.

ಮಾಸ್ತರರು ಒಂದು ತುಂಡು ಗಿಣ್ಣ ಎತ್ತಿಕೊಂಡು ಕೊಬ್ಬರಿ ತುರಿಯುವ ತಗಡಿಗೆ ಹಚ್ಚಿದರು. ಗಿಣ್ಣ ತುರಿಯುವ ವಸ್ತುವೇ? ಪುಡಿಪುಡಿಯಾಗಿ ಉದುರಿತು. ಬೆರಳಿಗೆ ಅಂಟಿದ್ದನ್ನು ಬಾಯಿಗಿಟ್ಟುಕೊಂಡರು. ಹಾಗೇ ನಿಂತರು. ಕಣ್ಣು ಮುಚ್ಚಿದವರು ತೆರೆಯಲಿಲ್ಲ.

"ಇಷ್ಟ ಸಿಹಿ ಇರತೈತಿ?" ಅಂದರು.

ಅತ್ತೆಗೆ ಆವರೆಗಿನ ಬಿಗುವು ಸಡಿಲಿ ನಗು ಬಂತು. "ಗಿಣ್ಣ ಸಿಹಿ ಇರಲಾರದ ಖಾರ ಇರತೈತೇನ್ರಿ? ಇಷ್ಟ ಓದಿದ ಮಾಸ್ತರ ಆಗಿ ಗಿಣ್ಣ ತಿಂದಿಲ್ಲೇನು?"

"ಇಲ್ರೀ ಅಕ್ಕಾರ" ಅಂದರು ಮಾಸ್ತರರು. ಸಿಟ್ಟಿಲ್ಲದೆ, ಪಾಠ ಹೇಳುವ ದನಿಯಲ್ಲೇ ಅಂದರು. "ಓದೇನಿ. ತಿಂದಿಲ್ಲ. ನಮ್ಮಪ್ಪ ಕರೋಶಿಯಾಗ ನಾಕ ಮನಿ ಎಮ್ಮಿ ಕಾಯತಿದ್ದ. ಎಮ್ಮಿ ತ್ರಾಸ ಪಟ್ರ ಅವನ್ನ ಕರೀತಿದ್ರು, ಕೈ ಹಾಕಿ ಕರಾ ಜಗ್ಗತಿದ್ದ. ಕಾಳ ಕೊಡತಿದ್ರು, ಹಳಿ ಅರಿವಿ ಕೊಡತಿದ್ರು. ಗಿಣ್ಣ ನಮ್ಮ ಮನೀ ತನಕ ಬರತಿರಲಿಲ್ಲ."

ಒಲೆಯ ಮೇಲಿನ ಹಂಚು ಕಾದು ಹೊಗೆಯಾಡತೊಡಗಿತು. ಯಾರೂ ಅದನ್ನು ಇಳಿಸಲಿಲ್ಲ. ಸಾವಿರಾರು ಕನ್ನಡ ಶಬ್ದ ಬಾಯಲ್ಲಿಟ್ಟುಕೊಂಡವರು, ಐವತ್ತೈದರ ಹತ್ತಿರದವರು, ಈ ಒಂದು ಶಬ್ದವನ್ನು ಇವತ್ತು ಮೊದಲ ಸಲ ಬಾಯಿಗಿಟ್ಟುಕೊಂಡಿದ್ದರು. ಅದನ್ನು ತಾಟಿನಲ್ಲಿಟ್ಟುಕೊಂಡು ಅವರ ಬಾಗಿಲು ದಾಟಿ ಹೋದವಳು ನಾನು. ಅತ್ತೆ ತಲೆ ಎತ್ತಲಿಲ್ಲ.

ಕೊನೆಗೆ ಮಾಸ್ತರರೇ, "ಇರಲಿ, ಬಯಕಿ ತಡೀಬಾರದು" ಎಂದು ಕೆಲಸಕ್ಕೆ ತೊಡಗಿದರು. ಬ್ರೆಡ್ಡಿಗೆ ಬಳ್ಳೊಳ್ಳಿ ಬೆಣ್ಣೆ ಬಳಿದರು, ಅದರ ಮೇಲೆ ಬೆಲ್ಲದ ಗಿಣ್ಣ ಉದುರಿಸಿದರು, ಹಂಚಿನ ಮೇಲಿಟ್ಟು ಮುಚ್ಚಿ, ಮುಚ್ಚಳದ ಮೇಲೆ ಕೆಂಡ ಹರವಿದರು. ಬಳ್ಳೊಳ್ಳಿ ಮತ್ತು ಏಲಕ್ಕಿ ಸೇರಿ ಎದ್ದ ಆ ವಾಸನೆ ಇನ್ನೆಲ್ಲಿಯೂ ಹುಟ್ಟಿರಲಿಕ್ಕಿಲ್ಲ. ಅದು ಬೆಳಗಾವಿಯ ಹೋಟೆಲಿನದ್ದಲ್ಲವೇ ಅಲ್ಲ. ತಳ ಗರಿಗರಿ, ಮೇಲೆ ಸಿಹಿ, ನಡುವೆ ಬಳ್ಳೊಳ್ಳಿ ಚುರುಕು. ನಾಲ್ಕು ತಿಂಗಳಿಂದ ನೀರೂ ದಕ್ಕದ ನಾನು ನಾಲ್ಕು ಹೋಳು ತಿಂದೆ. ಒಂದೂ ವಾಂತಿಯಾಗಲಿಲ್ಲ. ಅತ್ತೆ ನನ್ನನ್ನು ತಡೆಯಲಿಲ್ಲ. ಬಾಯಿ ತೆರೆದು ನೋಡುತ್ತ ಕುಳಿತಿದ್ದರು.

ಮಾಸ್ತರರು ಒಂದು ಹೋಳನ್ನು ತಟ್ಟೆಯಲ್ಲಿಟ್ಟು ಅತ್ತೆಯ ಮುಂದೆ ಹಿಡಿದರು. "ಅಕ್ಕಾರ, ನೀವೂ ಒಂದ ತುಂಡ."

"ಈಗಷ್ಟ ಉಂಡೇನ್ರಿ" ಅಂದರು ಅತ್ತೆ. "ಮನಿಗೆ ಒಯ್ದ ತಿಂತೇನಿ." ಹೋಳನ್ನು ಕಾಗದದಲ್ಲಿ ಸುತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ನಾವು ಮನೆಗೆ ಬಂದೆವು. "ಹೊರಗ ಯಾರಿಗೂ ಹೇಳಬ್ಯಾಡ" ಎಂದು ನನಗೆ ಹೇಳಿ ಹಿತ್ತಲಿಗೆ ಹೋದರು. ಅಡುಗೆಮನೆಯ ಕಿಟಕಿಯಿಂದ ನಾನು ನೋಡುತ್ತಿದ್ದೆ. ಸೆರಗಿನ ಗಂಟು ಬಿಚ್ಚಿದರು, ಹೋಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಎಮ್ಮೆಯ ಗೋದಲಿಗೆ ಹಾಕಿದರು. ತನ್ನ ಗಿಣ್ಣವನ್ನು ಎಮ್ಮೆ ತಾನೇ ತಿಂದಿತು. ನಾನು ಕಿಟಕಿಯಿಂದ ಹಿಂದೆ ಸರಿದೆ. ಅವತ್ತು ಕಂಡದ್ದನ್ನು ಅತ್ತೆಯ ಮುಂದೆಯೂ ಆಡಲಿಲ್ಲ, ಗಂಡನ ಮುಂದೆಯೂ ಆಡಲಿಲ್ಲ.

ಮುಂದಿನ ವಾರ ಮಾಸ್ತರರು ನಿಪ್ಪಾಣಿಗೆ ಹೋಗಿ, ಯಾವುದೋ ತಂಪು ಪಾನೀಯದ ಅಂಗಡಿಯ ಫ್ರಿಜ್ಜಿನಿಂದ ನಿಜವಾದ ಚೀಸ್ ಹುಡುಕಿ ತಂದರು. ಮತ್ತೆ ಅದೇ ಹಂಚು, ಅದೇ ಕೆಂಡ. ಉರಿ ಸಣ್ಣದಿರಬೇಕು, ಮುಚ್ಚಳ ಪದೇ ಪದೇ ತೆಗೆಯಬಾರದು, ಬೆಣ್ಣೆ ಬ್ರೆಡ್ಡಿನ ಅಂಚಿನವರೆಗೂ ಹೋಗಬೇಕು ಎಂದು ನನಗೆ ಪಾಠ ಮಾಡಿದರು. ಮುಚ್ಚಳ ತೆಗೆದಾಗ ಚೀಸ್ ಕರಗಿ ನೂಲಿನಂತೆ ಎಳೆ ಬಂತು. ಮಾಲಾಕಾಕು "ಅಗ್ಗಬಾಯಿ!" ಎಂದು ಹಿಂದೆ ಸರಿದರು. ನಾನು ತಿಂದು, "ಇದ ನೋಡ್ರಿ ಸರ್, ಚೀಸ್ ಅಂದ್ರ" ಅಂದೆ. ಬೆರಳು ಏಳುತ್ತದೆಂದು ಕಾದೆ. ಏಳಲಿಲ್ಲ.

"ಚೀಸ್ ಅನ್ನೂಣು" ಅಂದರು. "ಇದು ನಮ್ಮ ಮನ್ಯಾಗ ಇರಲಿಲ್ಲ, ಅದರ ಹೆಸರೂ ಇರಲಿಲ್ಲ. ಗಿಣ್ಣ ಬ್ಯಾರೆ. ಗಿಣ್ಣದ ಹೆಸರ ಇದಕ ಕೊಡೂದ ಬ್ಯಾಡ." ಅವರು ಒಪ್ಪಿಕೊಂಡ ಒಂದೇ ಒಂದು ಇಂಗ್ಲಿಷ್ ಶಬ್ದ ಅದು.

ಅತ್ತೆಯ ಬಗ್ಗೆ ಅನ್ಯಾಯವಾಗಿ ಬರೆಯಬಾರದು. ಅಲ್ಲಿಂದ ಮುಂದೆ ನಮ್ಮ ಎಮ್ಮೆ ಕರು ಹಾಕಿದಾಗಲೆಲ್ಲ, ದೇವರ ಮುಂದೆ ಇಟ್ಟ ಮೇಲೆ ಮೊದಲ ಡಬ್ಬಿ ಎದುರು ಮನೆಗೇ ಹೋಗುತ್ತಿತ್ತು. ಗೌರಕ್ಕ ಮುಖ ತಿರುವಿದರೂ ಹೋಗುತ್ತಿತ್ತು. ಮಾಸ್ತರರು ಡಬ್ಬಿಯನ್ನು ಖಾಲಿ ತಿರುಗಿಸುತ್ತಿರಲಿಲ್ಲ, ಎರಡು ಹೋಳು ಬಳ್ಳೊಳ್ಳಿ ಬ್ರೆಡ್ ಇಟ್ಟು ಕಳಿಸುತ್ತಿದ್ದರು. ಅತ್ತೆ ಡಬ್ಬಿ ತೆರೆದು, ಮೂಸಿ ನೋಡಿ, "ನೀ ತಿನ್ನ, ಕೂಸಿಗೂ ಕೊಡ" ಅನ್ನುತ್ತಿದ್ದರು. ತಾವು ಮಾತ್ರ ಒಮ್ಮೆಯೂ ಮುಟ್ಟಲಿಲ್ಲ. ಕೊಡಲು ಕಲಿತರು, ತೆಗೆದುಕೊಳ್ಳಲು ಕಲಿಯಲಿಲ್ಲ.

ಮಾಸ್ತರರು ನಿವೃತ್ತರಾಗಿ ಕರೋಶಿಯಲ್ಲಿ ಮನೆ ಕಟ್ಟಿಸಿಕೊಂಡು ಹೋದರು. ನಾನು ಗಿಣ್ಣ ತುರಿದ ಮಾಸ್ತರರ ಕಥೆಯನ್ನು ಎಲ್ಲ ಕಡೆ ಹೇಳಿಕೊಂಡು ತಿರುಗಿದೆ. ತವರಿನಲ್ಲಿ ಹೇಳಿದೆ, ಮದುವೆ ಮನೆಗಳಲ್ಲಿ ಹೇಳಿದೆ. ಕನ್ನಡ ಪಂಡಿತರು ಚೀಸ್ ಅಂತ ಗಿಣ್ಣ ತುರಿದರು ಎಂದು ಕೈಯಾಡಿಸಿ ನಟಿಸಿ ತೋರಿಸುತ್ತಿದ್ದೆ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಹಿತ್ತಲಿನ ಗೋದಲಿಯನ್ನೂ, ಅವರು ಅಂದ 'ತಿಂದಿಲ್ಲ' ಎಂಬ ಮಾತನ್ನೂ ಕಥೆಯಿಂದ ಬಿಟ್ಟುಬಿಡುತ್ತಿದ್ದೆ.

ಆ ಗಿಣ್ಣದ ಭಾನುವಾರದಿಂದ ಹತ್ತು ವರ್ಷದ ಮೇಲೆ ಅತ್ತೆ ತೀರಿಕೊಂಡರು. ಮಾಸ್ತರರಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ಮಣ್ಣಿಗೆ ಬರಲಾಗಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಮುಂಜಾನೆ ಕೋಲೂರಿಕೊಂಡು, ಒಬ್ಬರೇ ಬಸ್ಸಿನಲ್ಲಿ ಬಂದರು. ಕಪ್ಪು ಕನ್ನಡಕ, ಸೊರಗಿದ ಮೈ. ಅದೇ ನಮ್ಮ ಕೊನೆಯ ಭೇಟಿ. ಮುಂದಿನ ಮಳೆಗಾಲ ಅವರು ನೋಡಲಿಲ್ಲ.

ನಾನು ಅವರು ಕಲಿಸಿದಂತೆಯೇ ಚೀಸ್ ಹಾಕಿ ಬಳ್ಳೊಳ್ಳಿ ಬ್ರೆಡ್ ಮಾಡಿಟ್ಟೆ. ಈಗ ಮನೆಯಲ್ಲಿ ಫ್ರಿಜ್ಜೂ ಇತ್ತು, ಚೀಸೂ ಇತ್ತು, ಆದರೂ ಹಂಚು ಮತ್ತು ಮುಚ್ಚಳವೇ. ಒಂದು ಹೋಳು ಮುರಿದು, ಎಳೆ ಬಂದದ್ದನ್ನು ನೋಡಿ, "ಅಂಚಿನತನಾ ಬೆಣ್ಣಿ ಹಚ್ಚಿಯಲ್ಲ, ತೇರ್ಗಡಿ ಆದಿ" ಅಂದರು. ನನ್ನ ಮಗಳು ಅಕ್ಷತಾ, ಅವತ್ತಿನ ಬಯಕೆಯ ಕೂಸು, ಅವರ ಪಕ್ಕ ಕುಳಿತು ಕೇಳಿಯೇಬಿಟ್ಟಳು: "ಅಜ್ಜಾರ, ನೀವ ಖರೇನ ಚೀಸ್ ಅಂತ ಗಿಣ್ಣ ತುರದಿದ್ರೇನ್ರಿ? ಅವ್ವ ಎಲ್ಲಾರಿಗೂ ಹೇಳತಾಳ."

ನಾನು ಬೆಪ್ಪಾಗಿ ನಕ್ಕೆ. ಮಾಸ್ತರರೂ ನಕ್ಕರು. ಮಗಳನ್ನು ನೀರು ತರಲು ಒಳಗೆ ಕಳಿಸಿ, ನನ್ನ ಕಡೆ ತಿರುಗಿದರು.

"ತಂಗೀ, ಕರೋಶಿಯಾಗ ಹುಟ್ಟಿದಾಂವಗ ಗಿಣ್ಣ ಅಂದ್ರ ಏನಂತ ಗೊತ್ತಿರೂದಿಲ್ಲೇನು?"

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಸಿಹಿ ಇರತೈತಿ ಅಂತ ಗೊತ್ತಿತ್ತು. ಚೀಸ್ ಬ್ಯಾರೆ ಅಂತನೂ ಗೊತ್ತಿತ್ತು. ಇಷ್ಟ ಸಿಹಿ ಅಂತ ಗೊತ್ತಿರಲಿಲ್ಲ, ಅಷ್ಟ. ನೀ ತಾಟ ಹಿಡಕೊಂಡ ನನ್ನ ಬಾಗಲಾ ದಾಟಿ ಹೋದಿ ನೋಡ, ಅವತ್ತ ಅನಿಸ್ತು, ಒಮ್ಮೆ ಕೇಳೇಬಿಡಬೇಕು ಅಂತ. ಸುಮ್ನ ಕೇಳಾಕ ಬಾಯಿ ಬರಂಗಿಲ್ಲ. ಒಂದು ನೆಪಾ ಬೇಕಾಗಿತ್ತು. ಪತ್ರಿಕಿಯಾವ್ರು ಕೊಟ್ರು."

ಹತ್ತು ವರ್ಷ ನಾನು ಊರಿಗೆಲ್ಲ ಹೇಳಿ ನಗಿಸಿದ ತಪ್ಪು ಅವರದಾಗಿರಲಿಲ್ಲ. ಬಟ್ಟಲು ಹಿಡಿದು ರಸ್ತೆ ದಾಟಿ ಬಂದ ಮನುಷ್ಯನಿಗೆ ತಾನು ಏನು ಕೇಳುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು, ಅತ್ತೆ ಮುಗಿದಿದೆ ಅಂದದ್ದು ಸುಳ್ಳೆಂದೂ ಗೊತ್ತಿದ್ದಿರಬೇಕು. ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ನೀ ಯಾಕ ಅಳತಿ? ಅಕ್ಕಾರು ತಾವ ಬೋಗುಣಿ ಹೊತಗೊಂಡ ಬಂದ್ರಲ್ಲ" ಅಂದರು. ತಟ್ಟೆಯ ಅಂಚನ್ನು ಬೆರಳಿಂದ ಸವರುತ್ತ ಕೇಳಿದರು:

"ಒಂದು ಮಾತ ಕೇಳ್ಲಿ? ಅವತ್ತ ಒಂದು ತುಂಡ ಸೆರಗಿನ್ಯಾಗ ಕಟಗೊಂಡ ಹೋದ್ರಲ್ಲ ಅಕ್ಕಾರು. ತಿಂದ್ರೇನು?"

ಹಿತ್ತಲಿನ ಗೋದಲಿ ಕಣ್ಣೆದುರು ಬಂತು. ಗೋಡೆಯ ಮೇಲಿನ ಫೋಟೋದಿಂದ ಅತ್ತೆ ನನ್ನನ್ನೇ ನೋಡುತ್ತಿದ್ದರು.

"ತಿಂದ್ರು ಸರ್" ಅಂದೆ. "ಚಲೋ ಆಗೇತಿ ಅಂದ್ರು."

ಮಾಸ್ತರರ ತೋರುಬೆರಳು ತಟ್ಟೆಯ ಅಂಚಿನಿಂದ ಮೆಲ್ಲನೆ ಮೇಲೆದ್ದಿತು. ಅದು ಸ್ವಲ್ಪ ಹೊತ್ತು ಹಾಗೇ ನಿಂತಿತ್ತು, ಆಮೇಲೆ ಮಡಚಿಕೊಂಡಿತು. "ಹೌದಲ್ಲ?" ಅಂದರು. "ಆತ ಬಿಡು. ಚಲೋ ಆತು." ಕೋಲು ಹುಡುಕಿಕೊಂಡು ಎದ್ದರು. ಇಷ್ಟು ವರ್ಷ ನನ್ನ ಒಂದು ತಪ್ಪು ಶಬ್ದವನ್ನೂ ಬಿಡದವರು ಅದೊಂದನ್ನು ಬಿಟ್ಟರು.